ಬಿದ್ದ ಮರಿಯೋ, ಇಳಿದ ಮರಿಯೋ?

ಭರಣಿ ಮಳೆ ಗುಡುಗಿ ಹೋದ ಮರುದಿನ ಕೈತೋಟದ ದಾಸವಾಳದ ಬುಡದಲ್ಲಿ ಹಕ್ಕಿಮರಿಯೊಂದು ಕಾಣಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಪಿಕಳಾರ, ಮಡಿವಾಳ ಹಕ್ಕಿ, ಗೊರವಂಕ, ಕಾಗೆ ಎಲ್ಲಕ್ಕೂ ಮರಿ ಮಾಡುವ ಕಾಲ. ಮರಿಯನ್ನು ಕಂಡವರ ಬಾಯಲ್ಲಿ ಮೊದಲು ಬರುವ ಮಾತು, ‘ಪಾಪ, ಗೂಡಿನಿಂದ ಬಿದ್ದಿದೆ’. ಎರಡನೆಯದು, ‘ಮುಟ್ಟಬೇಡಿ, ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ’. ಅಷ್ಟರಲ್ಲಿ ಮಕ್ಕಳು ಯಾರಾದರೂ ಮುಟ್ಟಿಯೇ ಬಿಟ್ಟಿರುತ್ತಾರಾದ್ದರಿಂದ ಮೂರನೆಯ ಮಾತು, ‘ಇನ್ನು ನಾವೇ ಸಾಕಬೇಕು’. ಆಮೇಲೆ ರಟ್ಟಿನ ಡಬ್ಬಿ ಬರುತ್ತದೆ, ಹತ್ತಿ ಬರುತ್ತದೆ, ಫಿಲ್ಲರ್‌ನಲ್ಲಿ ಹಾಲು ಬರುತ್ತದೆ. ಬಹಳ ಸಲ ಎರಡು ದಿನಗಳೊಳಗೆ ಮರಿ ಸಾಯುತ್ತದೆ, ‘ನಮ್ಮ ಕೈಲಾದದ್ದು ಮಾಡಿದೆವು’ ಎಂಬ ಸಮಾಧಾನ ಉಳಿಯುತ್ತದೆ. ಇಲ್ಲಿ ಕರುಣೆಯಲ್ಲಿ ತಪ್ಪಿಲ್ಲ, ಕ್ರಿಯಾಪದದಲ್ಲಿ ತಪ್ಪಿದೆ. ನೆಲದ ಮೇಲೆ ನಮಗೆ ಸಿಗುವ, ಮೈತುಂಬ ಗರಿ ಬಂದ ಮರಿಗಳು ಸಾಮಾನ್ಯವಾಗಿ ಬಿದ್ದವಲ್ಲ, ಇಳಿದವು. ಬಿದ್ದ ಮರಿಗೆ ಬೇಕಾದ ನೆರವೇ ಬೇರೆ, ಇಳಿದ ಮರಿಗೆ ಬೇಕಾದದ್ದೇ ಬೇರೆ. ಎರಡರ ಗುರಿ ಮಾತ್ರ ಒಂದೇ: ಮರಿಯನ್ನು ಅದರ ತಂದೆತಾಯಿಯ ಕೊಕ್ಕಿನ ಅಳತೆಯಲ್ಲಿ ಉಳಿಸುವುದು.

ಹಾರಲು ಬಾರದ ಮರಿ ಗೂಡು ಬಿಟ್ಟು ಏಕೆ ಇಳಿಯಬೇಕು? ಗೂಡೆಂದರೆ ಮನೆ, ಮನೆಯೆಂದರೆ ರಕ್ಷಣೆ ಎಂದು ನಾವು ನಂಬಿರುವುದರಿಂದ ಈ ಪ್ರಶ್ನೆ ಒಗಟಿನಂತೆ ಕಾಣುತ್ತದೆ. ಹಕ್ಕಿಗೆ ಗೂಡು ಮನೆಯಲ್ಲ, ತೊಟ್ಟಿಲು. ಅದೂ ಬಯಲಲ್ಲಿ ಕಟ್ಟಿದ ತೊಟ್ಟಿಲು. ಕೆಮ್ಮೀಸೆ ಪಿಕಳಾರದ ಬಟ್ಟಲುಗೂಡನ್ನು ನೋಡಿ. ಎದೆಯೆತ್ತರದ ಪೊದೆಯಲ್ಲಿ, ಮೇಲ್ಛಾವಣಿಯಿಲ್ಲದೆ, ಎರಡು ಮೂರು ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂಗುತ್ತಿರುತ್ತವೆ. ತಂದೆತಾಯಿ ದಿನವಿಡೀ ಅಲ್ಲಿಗೇ ಬಂದು ಹೋಗುತ್ತಿರುತ್ತವೆ. ಕೆಂಬೂತ, ಮಟಪಕ್ಷಿ, ಕಾಗೆ, ಕೇರೆಹಾವು, ಬೆಕ್ಕು, ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಆ ಓಡಾಟದ ಗುಟ್ಟು ತಿಳಿದರೆ ಒಂದೇ ಹೊತ್ತಿನಲ್ಲಿ ಇಡೀ ಸಂಸಾರ ಮುಗಿಯಿತು. ಗೂಡಿಗೆ ಹೋಗಿಬರುವ ಹೆತ್ತವರ ಓಡಾಟವೇ ಬೇಟೆಗಾರ ಪ್ರಾಣಿಗಳಿಗೆ ದಾರಿ ತೋರಿಸುತ್ತದೆ ಎಂದು ಕೋಸ್ಟರಿಕದಲ್ಲಿ ನೆಲೆಸಿ ಹಕ್ಕಿಗಳನ್ನು ಅಭ್ಯಾಸ ಮಾಡಿದ ಅಲೆಕ್ಸಾಂಡರ್ ಸ್ಕಚ್ 1949ರಲ್ಲೇ ವಾದಿಸಿದ್ದರು. ಉಷ್ಣವಲಯದ ಅನೇಕ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೂಡುಗಳು ಹೀಗೆ ಹಾಳಾಗುತ್ತವೆ. ಇಂಥ ತೊಟ್ಟಿಲಲ್ಲಿ ಒಂದು ದಿನ ಹೆಚ್ಚು ಕಳೆದಷ್ಟೂ ಅಪಾಯ ಹೆಚ್ಚು. ಆದ್ದರಿಂದ ಪಿಕಳಾರದ ಮರಿ ಮೊಟ್ಟೆಯೊಡೆದು ಎರಡು ವಾರ ತುಂಬುವ ಹೊತ್ತಿಗೆ, ರೆಕ್ಕೆಯ ಗರಿ ಇನ್ನೂ ಬಲಿಯದಿರುವಾಗಲೇ, ಕೊಂಬೆಗೆ ಹತ್ತಿ, ಪೊದೆಗೆ ಹಾರಿ, ನೆಲಕ್ಕೆ ಇಳಿಯುತ್ತದೆ. ಒಂದೊಂದು ಮರಿ ಒಂದೊಂದು ದಿಕ್ಕಿಗೆ ಚದುರುತ್ತದೆ. ಒಂದು ಬೆಕ್ಕಿನ ಬಾಯಿಗೆ ಒಂದು ಸಿಕ್ಕರೂ ಇನ್ನೊಂದು ಉಳಿಯುತ್ತದೆ.

ಇದು ಬರಿಯ ಊಹೆಯೇ ಎಂದು ಕೇಳುವವರಿಗೆ ಒಂದು ಸರಳ ಹೋಲಿಕೆ ಸಾಕು. ದೇವಸ್ಥಾನದ ಗೋಪುರ, ಹಳೆಯ ಸೇತುವೆಗಳ ಅಡಿಯಲ್ಲಿ ಗೂಡು ಕಟ್ಟುವ ಬಾನಾಡಿ ತೂಕದಲ್ಲಿ ಪಿಕಳಾರಕ್ಕೆ ಹೆಚ್ಚುಕಡಿಮೆ ಸಮ. ಪಿಕಳಾರದ ಮರಿ ಗೂಡಿನಲ್ಲಿರುವುದು ಎರಡು ವಾರ, ಬಾನಾಡಿಯ ಮರಿ ಐದಾರು ವಾರ. ಬಾನಾಡಿಯ ಗೂಡಿಗೆ ಹಾವು, ಬೆಕ್ಕು ಏರುವುದು ಕಷ್ಟ, ಅವಸರವಿಲ್ಲ. ಗಾಳಿಯಲ್ಲಿ ಹಾರುವ ಹುಳುಗಳನ್ನೇ ನಂಬಿದ ಅದರ ಆಹಾರಕ್ರಮವೂ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಎಂಬುದು ನಿಜ. ಆದರೆ ಸುರಕ್ಷಿತವಾದ ಗೂಡಿಲ್ಲದೆ ಆ ನಿಧಾನ ಅದಕ್ಕೆ ದಕ್ಕುತ್ತಿರಲಿಲ್ಲ. ಪೊಟರೆಯಲ್ಲಿ ಮರಿ ಮಾಡುವ ಗೊರವಂಕ ಮೂರು ವಾರಕ್ಕೂ ಹೆಚ್ಚು, ಗಿಳಿ ಆರು ವಾರಕ್ಕೂ ಹೆಚ್ಚು ಕಾಲ ಮರಿಗಳನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅಮೆರಿಕದ ಮೊಂಟಾನ ವಿಶ್ವವಿದ್ಯಾನಿಲಯದ ಥಾಮಸ್ ಮಾರ್ಟಿನ್ ಮತ್ತು ಸಂಗಡಿಗರು ಹಲವು ಹಾಡುಹಕ್ಕಿಗಳ ಮರಿಗಳ ರೆಕ್ಕೆ ಅಳೆದು, ಅವುಗಳ ಮೊದಲ ಹಾರಾಟವನ್ನು ಚಿತ್ರೀಕರಿಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಲೆಕ್ಕ ಕಂಡಿತು. ಗೂಡಿನ ಮೇಲೆ ದಾಳಿ ಹೆಚ್ಚಿರುವ ಜಾತಿಗಳ ಮರಿಗಳು ಬೇಗ, ಅರೆಬೆಳೆದ ರೆಕ್ಕೆಯಲ್ಲೇ ಹೊರಬೀಳುತ್ತವೆ, ಕೆಟ್ಟದಾಗಿ ಹಾರುತ್ತವೆ. ದಾಳಿ ಕಡಿಮೆಯಿರುವ ಜಾತಿಗಳವು ತಡವಾಗಿ ಹೊರಬಂದು ಚೆನ್ನಾಗಿ ಹಾರುತ್ತವೆ.

ಆ ಅರೆಹಾರಾಟಕ್ಕೆ ಮರಿಗಳು ತೆರುವ ಬೆಲೆ ಸಣ್ಣದಲ್ಲ. 2020ರಲ್ಲಿ ಅಮೆರಿಕದ ಸಂಶೋಧಕರು 18 ಜಾತಿಯ ಹಾಡುಹಕ್ಕಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 12 ಜಾತಿಗಳಲ್ಲಿ ಮರಿಗಳು ಗೂಡಿನಲ್ಲಿದ್ದುದಕ್ಕಿಂತ ಗೂಡು ಬಿಟ್ಟ ಮೇಲೆಯೇ ಹೆಚ್ಚು ಸಾಯುತ್ತಿದ್ದವು. ಹಾಗಿದ್ದರೆ ಇಳಿಯುವುದೇಕೆ? ಮರಿಯ ಲೆಕ್ಕ ಬೇರೆ, ಹೆತ್ತವರ ಲೆಕ್ಕ ಬೇರೆ ಎಂಬುದು ಆ ಅಧ್ಯಯನದ ಉತ್ತರ. ಒಂದೊಂದು ಮರಿಗೆ ಇನ್ನೆರಡು ದಿನ ಗೂಡಿನಲ್ಲಿರುವುದೇ ಕ್ಷೇಮವಿರಬಹುದು. ಆದರೆ ಹೆತ್ತವರಿಗೆ ಎಲ್ಲ ಮರಿಗಳೂ ಒಂದೇ ಕಡೆ ಇರುವುದೇ ದೊಡ್ಡ ಭಯ. ಬೇಗ ಚದುರಿಸಿದರೆ ಕೆಲವು ಸತ್ತರೂ ಒಂದಾದರೂ ಉಳಿಯುವ ಸಂಭವ ಹೆಚ್ಚು. ನೆಲದ ಮೇಲೆ ಕುಳಿತ ಆ ಮೋಟುಬಾಲದ ಮರಿ ಅಪಘಾತದ ಗುರುತಲ್ಲ, ಕೋಟಿಗಟ್ಟಲೆ ವರ್ಷಗಳಿಂದ ನಡೆದುಬಂದ ಒಂದು ಕಠಿಣ ಚೌಕಾಸಿಯ ಗುರುತು. ಆ ಚೌಕಾಸಿಯಲ್ಲಿ ಹೆತ್ತವರ ಪಾಲೂ ಇದೆ ಎಂಬುದನ್ನು ಮರೆಯಬಾರದು. ಗೂಡು ಬಿಡಿಸಿದ ಮೇಲೂ ಎರಡು ಮೂರು ವಾರ ಅವು ಮರಿಗಳನ್ನು ಹಿಂಬಾಲಿಸಿ ಉಣಿಸುತ್ತವೆ, ಬೆಕ್ಕು ಕಂಡರೆ ಕಿರುಚಿ ಎಚ್ಚರಿಸುತ್ತವೆ. ಹರಟೆಮಲ್ಲಗಳಲ್ಲಂತೂ ತಂದೆತಾಯಿ ಮಾತ್ರವಲ್ಲ, ಗುಂಪಿನ ಉಳಿದವೂ ಮರಿಗೆ ತುತ್ತು ತರುತ್ತವೆ. ಮರಿಯನ್ನು ಎತ್ತಿ ಒಳಗೊಯ್ದಾಗ ನಾವು ಕಳಚುವುದು ಈ ಕೊಂಡಿಯನ್ನು.

ಹಾಗಾದರೆ ಬಿದ್ದದ್ದಾವುದು, ಇಳಿದದ್ದಾವುದು ಎಂದು ತಿಳಿಯುವುದು ಹೇಗೆ? ಜಾತಿ ಗೊತ್ತಿಲ್ಲದಿದ್ದರೂ ಮರಿಯ ಮೈಯೇ ಹೇಳುತ್ತದೆ. ಕಣ್ಣು ಮುಚ್ಚಿದೆ, ಅಥವಾ ತೆರೆದಿದ್ದರೂ ಮೈ ಬೋಳು, ಅಲ್ಲಲ್ಲಿ ತೆಳು ತುಪ್ಪುಳ, ರೆಕ್ಕೆಯ ಮೇಲೆ ಸೀಸದ ಕಡ್ಡಿಯ ತುದಿಯಂತೆ ಇನ್ನೂ ಬಿಚ್ಚದ ಗರಿಮೊಳಕೆ, ಕಾಲು ಮಡಚಿ ಹೊಟ್ಟೆಯ ಮೇಲೆ ಕೂತಿದೆ ಎಂದಾದರೆ ಅದು ಗೂಡುಮರಿ, ನಿಜವಾಗಿ ಬಿದ್ದದ್ದು. ಮೈತುಂಬ ಗರಿ, ಬಾಲ ಮಾತ್ರ ಮೋಟು, ತಲೆಯ ಮೇಲೆ ಒಂದೆರಡು ಎಳೆ ತುಪ್ಪುಳ ಉಳಿದಿದೆ, ಬೆರಳನ್ನೋ ಕೊಂಬೆಯನ್ನೋ ಗಟ್ಟಿಯಾಗಿ ಹಿಡಿಯುತ್ತದೆ, ಕುಪ್ಪಳಿಸುತ್ತದೆ, ರೆಕ್ಕೆ ಬಡಿಯುತ್ತದೆ ಎಂದಾದರೆ ಅದು ಗೂಡು ಬಿಟ್ಟ ಮರಿ. ಕಟವಾಯಿಯ ಹಳದಿ ಅಂಚು ಎರಡರಲ್ಲೂ ಇರುವುದರಿಂದ ಅದನ್ನು ನೋಡಿ ತೀರ್ಮಾನಿಸಬಾರದು. ಬಯಲಲ್ಲಿ ಓಡಾಡುವ ಟಿಟ್ಟಿಭದ ಮರಿಗಳದು ಮೂರನೆಯ ಬಗೆ. ಕೋಳಿಮರಿಯ ಹಾಗೆ ಅವು ಮೊಟ್ಟೆಯೊಡೆದ ದಿನವೇ ಕಣ್ಣು ತೆರೆದು, ಮೈತುಂಬ ತುಪ್ಪುಳ ಹೊದ್ದು ನಡೆಯುತ್ತವೆ. ಅವುಗಳಿಗೆ ಬೀಳಲು ಗೂಡೇ ಇಲ್ಲ. ನೆಲಕ್ಕೆ ಅವುಚಿ ಕಲ್ಲಿನಂತೆ ಕುಳಿತಿದ್ದರೆ ಅದು ಬಳಲಿಕೆಯಲ್ಲ, ನಮ್ಮಿಂದ ಅಡಗುವ ಉಪಾಯ.

ಬಿದ್ದದ್ದು ಗೂಡುಮರಿಯೆಂದು ಖಚಿತವಾದರೆ ಸುಮ್ಮನಿರುವುದು ಸರಿಯಲ್ಲ, ಅದನ್ನು ಗೂಡಿಗೆ ಮರಳಿಸಬೇಕು. ಬೋಳು ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೆಳೆದ ಹಕ್ಕಿಯ ಮೈ 40 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಿದ್ದರೆ, ಗೂಡಿನಿಂದ ಹೊರಬಿದ್ದ ಮರಿ ಸುತ್ತಲಿನ ನೆಲದಷ್ಟೇ ತಣ್ಣಗಾಗುತ್ತದೆ. ತಣ್ಣಗಾದ ಮರಿ ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದ ಮರಿಗೆ ತಾಯಿ ತುತ್ತು ಕೊಡುವುದಿಲ್ಲ. ಆದ್ದರಿಂದ ಮೊದಲು ಅಂಗೈಯಲ್ಲಿ ಹಿಡಿದೋ, ಬಟ್ಟೆ ಸುತ್ತಿದ ಉಗುರುಬೆಚ್ಚಗಿನ ನೀರಿನ ಬಾಟಲಿಯ ಪಕ್ಕದಲ್ಲಿಟ್ಟೋ ಬೆಚ್ಚಗೆ ಮಾಡಿ, ಆಮೇಲೆ ಗೂಡಿನಲ್ಲಿಡಬೇಕು. ಗೂಡೇ ಗಾಳಿಗೆ ಕಿತ್ತುಹೋಗಿದ್ದರೆ ಬದಲಿ ಗೂಡು ಮಾಡಬಹುದು. ಸಣ್ಣ ಬುಟ್ಟಿಯೋ ಅರ್ಧ ಗರಟೆಯೋ ತೆಗೆದುಕೊಂಡು, ನೀರು ನಿಲ್ಲದಂತೆ ತಳದಲ್ಲಿ ನಾಲ್ಕು ತೂತು ಕೊರೆದು, ಒಣಹುಲ್ಲು ಹಾಸಿ, ಹಳೆಯ ಗೂಡಿದ್ದ ಜಾಗಕ್ಕೆ ಆದಷ್ಟು ಹತ್ತಿರ, ನೆರಳಿರುವೆಡೆ ಕಟ್ಟಬೇಕು. ಹತ್ತಿ, ದಾರ, ಕೂದಲು ಬೇಡ, ಅವು ಕಾಲಿಗೆ ಸುತ್ತಿಕೊಳ್ಳುತ್ತವೆ. ಹೆತ್ತವರನ್ನು ಗೂಡಿನತ್ತ ಸೆಳೆಯುವುದು ಮುಖ್ಯವಾಗಿ ಮರಿಯ ಕೂಗು ಮತ್ತು ತೆರೆದ ಬಾಯಿ; ಗೂಡು ಯಾರು ಹೆಣೆದದ್ದು ಎಂಬುದು ಆ ಹೊತ್ತಿನಲ್ಲಿ ದೊಡ್ಡ ಸಂಗತಿಯಲ್ಲ.

‘ಆದರೆ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದಲ್ಲ?’ ಎಂಬುದು ಮೊದಲ ಆಕ್ಷೇಪ. ಹಕ್ಕಿಗಳಿಗೆ ವಾಸನೆಯೇ ತಿಳಿಯದು ಎಂದು ಇದಕ್ಕೆ ಉತ್ತರ ಹೇಳುವ ರೂಢಿಯಿದೆ. ಆ ಉತ್ತರವೂ ತಪ್ಪು. ಅಂಟಾರ್ಕ್ಟಿಕ್ ಪ್ರಿಯಾನ್ ಎಂಬ ಕಡಲಹಕ್ಕಿ ತನ್ನ ಜೋಡಿಯನ್ನು ವಾಸನೆಯಿಂದಲೇ ಗುರುತಿಸಬಲ್ಲದೆಂದು 2004ರಲ್ಲಿ ಪ್ರಯೋಗಗಳು ತೋರಿಸಿವೆ. ಹಾಗಾಗಿ ಪ್ರಶ್ನೆ ವಾಸನೆ ತಿಳಿಯುತ್ತದೆಯೇ ಎಂಬುದಲ್ಲ, ತಿಳಿದರೂ ಅದಕ್ಕಾಗಿ ಮರಿಯನ್ನು ಬಿಡುತ್ತದೆಯೇ ಎಂಬುದು. ಇದಕ್ಕೆ ದೊಡ್ಡ ಪ್ರಮಾಣದ ಉತ್ತರವೇ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಲ್ಲಿ ಡೇವಿಡ್ ಲ್ಯಾಕ್ ಆರಂಭಿಸಿದ ಚೇಕಡಿ ಹಕ್ಕಿಗಳ ಅಧ್ಯಯನ ಇಂದಿಗೂ ನಡೆಯುತ್ತಿದೆ. ಅಲ್ಲಿ ತಲೆಮಾರುಗಳಿಂದ ಮರಿಗಳನ್ನು ಬರಿಗೈಯಲ್ಲಿ ಗೂಡಿನಿಂದ ತೆಗೆದು, ತೂಗಿ, ಕಾಲಿಗೆ ಉಂಗುರ ತೊಡಿಸಿ ಮರಳಿ ಇಡುತ್ತಾರೆ. ಮನುಷ್ಯರ ಕೈ ತಗುಲಿದ್ದಕ್ಕೆ ಹೆತ್ತವು ಮರಿಗಳನ್ನು ತೊರೆಯುವುದಾಗಿದ್ದರೆ ಆ ಅಧ್ಯಯನ ಮೊದಲ ವರ್ಷವೇ ನಿಲ್ಲುತ್ತಿತ್ತು. ನಮ್ಮ ಕಣ್ಣೆದುರಿನ ಸಾಕ್ಷಿಯೂ ಇದೆ. ತನ್ನದಲ್ಲದ ಬಣ್ಣದ, ತನ್ನದಲ್ಲದ ದನಿಯ ಕೋಗಿಲೆ ಮರಿಯನ್ನು ಗೂಡು ಬಿಟ್ಟ ಮೇಲೂ ಸಾಕುವ ಕಾಗೆ, ಬೆರಳು ತಾಗಿದ್ದಕ್ಕೆ ತನ್ನ ಸ್ವಂತ ಮರಿಯನ್ನು ದೂಡೀತೇ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನಂಬಿಕೆಯಲ್ಲಿ ಒಂದು ಎಳೆ ನಿಜವಿದೆ: ಗೂಡು ಕಟ್ಟುವಾಗ, ಕಾವಿನ ಮೊದಲ ದಿನಗಳಲ್ಲಿ ಪದೇಪದೇ ತೊಂದರೆ ಕೊಟ್ಟರೆ ಕೆಲವು ಹಕ್ಕಿಗಳು ಗೂಡು ಬಿಟ್ಟು ಬೇರೆಡೆ ಹೊಸದಾಗಿ ಆರಂಭಿಸುತ್ತವೆ. ಮರಿ ದೊಡ್ಡದಾದಷ್ಟೂ ಅದರ ಮೇಲೆ ಸುರಿದ ಶ್ರಮ ಹೆಚ್ಚು, ಬಿಟ್ಟುಹೋಗುವ ಮನಸ್ಸು ಕಡಿಮೆ.

ಇಳಿದ ಮರಿಯನ್ನು ಇದ್ದಲ್ಲೇ ಬಿಡಬೇಕು ಎಂದರೆ, ‘ಒಂದು ಗಂಟೆ ನೋಡಿದೆವು, ತಾಯಿ ಬರಲೇ ಇಲ್ಲ’ ಎಂಬುದು ಎರಡನೆಯ ಆಕ್ಷೇಪ. ನೋಡಿದ್ದು ಎಲ್ಲಿ ನಿಂತು ಎಂಬುದೇ ಮುಖ್ಯ. ಮರಿಯ ಪಕ್ಕದಲ್ಲಿ ನಾಲ್ಕು ಜನ ಕುಕ್ಕರಗಾಲಲ್ಲಿ ಕುಳಿತರೆ ಯಾವ ಹಕ್ಕಿಯೂ ಇಳಿಯದು. ಅದರ ಕಣ್ಣಿಗೆ ಅಲ್ಲಿರುವುದು ಮರಿಯನ್ನು ಸುತ್ತುವರಿದ ನಾಲ್ಕು ಬೇಟೆಗಾರ ಪ್ರಾಣಿಗಳು. ತುತ್ತು ಕೊಡಲು ಬೇಕಾಗುವುದು ಕೆಲವೇ ಸೆಕೆಂಡು, ಆದ್ದರಿಂದ ಬಂದು ಹೋದದ್ದು ಗಮನಕ್ಕೆ ಬಾರದೆಯೂ ಇರಬಹುದು. ಮನೆಯೊಳಗೆ ಹೋಗಿ ಕಿಟಕಿಯಿಂದ ಎರಡು ಗಂಟೆ ನೋಡುವುದು ಸರಿಯಾದ ಪರೀಕ್ಷೆ. ಮರಿಯ ಹಿಂಬದಿಯಲ್ಲಿ ಹೊಸ ಬಿಳಿ ಹಿಕ್ಕೆ ಕಂಡರೆ ಅದಕ್ಕೆ ಊಟ ಸಿಗುತ್ತಿದೆ ಎಂದರ್ಥ. ಸುತ್ತಲಿನ ಕೊಂಬೆಗಳಲ್ಲಿ ದೊಡ್ಡ ಹಕ್ಕಿಗಳು ಚಡಪಡಿಸುತ್ತ ಕೂಗುತ್ತಿದ್ದರೆ ಅದು ನಮ್ಮನ್ನು ನೆರವಿಗೆ ಕರೆಯುವ ದನಿಯಲ್ಲ, ‘ದೂರ ಹೋಗಿ’ ಎನ್ನುವ ದನಿ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಾಡಿನಲ್ಲಾದರೆ ಸರಿ, ಊರಿನಲ್ಲಿ ಬೆಕ್ಕಿದೆ, ಬೀದಿನಾಯಿಯಿದೆ, ವಾಹನವಿದೆ. ಇವನ್ನು ತಂದವರು ನಾವೇ. ಅಪಾಯವನ್ನು ತಂದಿಟ್ಟು ಈಗ ‘ಪ್ರಕೃತಿ ನೋಡಿಕೊಳ್ಳಲಿ’ ಎನ್ನುವುದು ಕೈತೊಳೆದುಕೊಂಡಂತೆ ಅಲ್ಲವೇ? ಹೌದು, ಈ ವಾದದ ಮೊದಲ ಅರ್ಧ ಪೂರ್ತಿ ಸರಿ. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆ. ಅಪಾಯ ನಮ್ಮದಾದರೆ ತೆಗೆಯಬೇಕಾದದ್ದು ಅಪಾಯವನ್ನು, ಮರಿಯನ್ನಲ್ಲ. ಸಾಕುಬೆಕ್ಕನ್ನು ನಾಲ್ಕು ದಿನ ಒಳಗಿಡಬಹುದು. ಡಾಂಬರು ರಸ್ತೆಯ ಅಂಚಿನಲ್ಲಿ ಕುಳಿತ ಮರಿಯನ್ನು ಎತ್ತಿ ಕೆಲವು ಮೀಟರ್ ಆಚೆಯ ದಟ್ಟ ಪೊದೆಯೊಳಗೆ ಕೂರಿಸಬಹುದು. ಮರಿ ಕೂಗುತ್ತದೆ, ಹೆತ್ತವು ಕೂಗಿನ ಜಾಡು ಹಿಡಿದು ಬರುತ್ತವೆ. ಇಲ್ಲಿ ಜಾಣ ಓದುಗರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾರ್ಟಿನ್ ಅವರ ಅಧ್ಯಯನವನ್ನೇ ಎದುರಿಗಿಡಬಹುದು. ಜುಂಕೊ ಎಂಬ ಸಣ್ಣ ಹಕ್ಕಿಯ ಮರಿಗಳು ತಮ್ಮ ಸಹಜ ದಿನಕ್ಕೆ ಗೂಡು ಬಿಡದಂತೆ ಅವರು ಗೂಡಿನ ಬಳಿಯೇ ಆವರಣದಲ್ಲಿ ತಡೆಹಿಡಿದಾಗ, ತಡವಾಗಿ ಹೊರಬಂದ ಮರಿಗಳು ಚೆನ್ನಾಗಿ ಹಾರಿದವು, ಹೆಚ್ಚು ಬದುಕಿದವು. ಹಾಗಾದರೆ ನಾವೂ ಪಂಜರದಲ್ಲಿಟ್ಟು ರೆಕ್ಕೆ ಬಲಿತ ಮೇಲೆ ಬಿಡಬಾರದೇಕೆ? ಆ ಮರಿಗಳಿಗೆ ಸಿಕ್ಕದ್ದು ರಕ್ಷಣೆ ಮಾತ್ರ. ಜಾಗ ಅದೇ, ಉಣಿಸಿದ ಕೊಕ್ಕೂ ಅದೇ. ಅಡುಗೆಮನೆಯ ರಟ್ಟಿನ ಡಬ್ಬಿಯಲ್ಲಿ ರಕ್ಷಣೆ ಸಿಗುತ್ತದೆ, ಉಳಿದೆರಡು ಹೋಗುತ್ತವೆ.

ಆ ಎರಡನ್ನು ನಮ್ಮ ಕೈ ತುಂಬಿಕೊಡಲಾರದು ಎಂಬುದಕ್ಕೆ ಮೊದಲ ಸಾಕ್ಷಿ ಊಟ. ಹಾಲು ಸಸ್ತನಿಗಳ ಆಹಾರ. ಅದರ ಸಕ್ಕರೆಯನ್ನು ಅರಗಿಸುವ ವ್ಯವಸ್ಥೆ ಹಕ್ಕಿಗಳಲ್ಲಿಲ್ಲ, ಅದು ಭೇದಿಗೆ ದಾರಿ. ಪಾರಿವಾಳದ ‘ಹಾಲು’ ಎನ್ನುವುದೂ ಹಾಲಲ್ಲ, ಅದು ಕಂಠಚೀಲದ ಒಳಪದರದಿಂದ ಉದುರುವ ಕೊಬ್ಬು ಮತ್ತು ಪ್ರೋಟೀನಿನ ಮುದ್ದೆ. ಪಾರಿವಾಳ, ಬೆಳವಗಳ ಮರಿ ಬಾಯಿ ತೆರೆದು ಬೇಡುವುದೂ ಇಲ್ಲ, ಕೊಕ್ಕನ್ನು ತಾಯಿಯ ಬಾಯೊಳಗೆ ತೂರಿಸಿ ಕುಡಿಯುತ್ತದೆ; ಅದರೆದುರು ಅನ್ನದ ಅಗುಳು ಹಿಡಿದು ಕಾದರೆ ಪ್ರಯೋಜನವಿಲ್ಲ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಕೊಡುವುದು ಹೆಚ್ಚಾಗಿ ಹುಳುವನ್ನೇ, ಅದೂ ಬೆಳಗಿನಿಂದ ಕತ್ತಲಾಗುವವರೆಗೆ ಬಿಡುವಿಲ್ಲದೆ. ನೀರಂತೂ ಇನ್ನೂ ಅಪಾಯಕರ: ಹಕ್ಕಿಯ ಶ್ವಾಸನಾಳ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಫಿಲ್ಲರ್‌ನಿಂದ ಬಿಟ್ಟ ಹನಿ ನೇರವಾಗಿ ಶ್ವಾಸಕೋಶ ಸೇರಬಹುದು. ಮರಿಗೆ ಬೇಕಾದ ತೇವ ಹುಳುವಿನ ಮೈಯಲ್ಲೇ ಇರುತ್ತದೆ. ಎರಡನೆಯ ಸಾಕ್ಷಿ ಕಲಿಕೆ. ಕೇಂಬ್ರಿಜ್‌ನಲ್ಲಿ ವಿಲಿಯಂ ಥಾರ್ಪ್ 1950ರ ದಶಕದಲ್ಲಿ ಚಾಫಿಂಚ್ ಮರಿಗಳನ್ನು ದೊಡ್ಡ ಹಕ್ಕಿಗಳ ಹಾಡು ಕಿವಿಗೆ ಬೀಳದಂತೆ ಬೆಳೆಸಿದಾಗ ಅವು ಹಾಡಿದ್ದು ಒರಟಾದ, ಅಪೂರ್ಣವಾದ ಹಾಡನ್ನು. ಹಗೆ ಯಾರೆಂಬುದನ್ನೂ ಹಕ್ಕಿ ನೋಡಿ ಕಲಿಯುತ್ತದೆ. ಜರ್ಮನಿಯ ಎಬರ್ಹಾರ್ಡ್ ಕ್ಯೂರಿಯೊ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೊಂದು ಹಕ್ಕಿ ಬೆದರಿ ಕಿರುಚುವುದನ್ನು ನೋಡಿದ ಬ್ಲ್ಯಾಕ್‌ಬರ್ಡ್‌ಗಳು ಬರಿಯ ಪ್ಲಾಸ್ಟಿಕ್ ಬಾಟಲಿಯನ್ನೂ ಹಗೆಯೆಂದು ನಂಬಿ ಅದರ ಮೇಲೆ ಎರಗಿದವು. ಹೀಗೆ ನೋಡಿ ಕಲಿಯುವ ಜೀವ ಮನೆಯೊಳಗೆ ಬೆಕ್ಕಿನ ಪಕ್ಕದಲ್ಲಿ, ಮನುಷ್ಯರ ಕೈಯಲ್ಲಿ ಬೆಳೆದರೆ ಬೆಕ್ಕಿಗೂ ಅಂಜದು, ಮನುಷ್ಯರಿಗೂ ಅಂಜದು. ಬಿಟ್ಟ ದಿನವೇ ಅದರ ಕತೆ ಮುಗಿಯಬಹುದು.

ಇಷ್ಟು ಹೇಳಿದ ಮೇಲೂ ಮರಿಯನ್ನು ಎತ್ತಲೇಬೇಕಾದ ಸಂದರ್ಭಗಳಿವೆ. ಬೆಕ್ಕು ಕಚ್ಚಿದ ಮರಿಯಲ್ಲಿ ಗಾಯ ಕಾಣದಿದ್ದರೂ ಕಾಯಬಾರದು. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಹಕ್ಕಿಯ ರಕ್ತ ಸೇರಿದರೆ ಒಂದೆರಡು ದಿನದಲ್ಲೇ ಕೊಲ್ಲಬಲ್ಲದು, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ರೆಕ್ಕೆ ಜೋತಿದ್ದರೆ, ರಕ್ತ ಸುರಿಯುತ್ತಿದ್ದರೆ, ತಂದೆತಾಯಿ ಸತ್ತದ್ದು ಖಚಿತವಾದರೆ, ಕಡಿದುಬಿದ್ದ ಮರದ ಪೊಟರೆಯಲ್ಲಿ ಗಿಳಿ ಅಥವಾ ಹಾಲಕ್ಕಿಯ ಮರಿಗಳಿದ್ದರೆ, ಆಗಲೂ ಹಾಗೆಯೇ. ಬಾನಾಡಿಯನ್ನು ಇಲ್ಲಿಗೇ ಸೇರಿಸಬೇಕು. ಪೂರ್ತಿ ಹಾರಲು ಬಂದ ಮೇಲೆಯೇ ಗೂಡು ಬಿಡುವ ಹಕ್ಕಿಯಾದ್ದರಿಂದ, ನೆಲದಲ್ಲಿ ಸಿಕ್ಕ ಬಾನಾಡಿ ಮರಿ ನಿಜಕ್ಕೂ ಬಿದ್ದದ್ದೇ. ಇಂಥವುಗಳನ್ನು ಗಾಳಿಯಾಡುವ ಡಬ್ಬಿಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆಡೆ ಇಟ್ಟು, ಏನೂ ತಿನ್ನಿಸದೆ, ಕೈ ತೊಳೆದುಕೊಂಡು ಆದಷ್ಟು ಬೇಗ ಪಶುವೈದ್ಯರಿಗೋ ವನ್ಯಜೀವಿ ಆಸ್ಪತ್ರೆಗೋ ತಲುಪಿಸಬೇಕು. ಬೆಂಗಳೂರಿನವರಿಗೆ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆಸ್ಪತ್ರೆಯಿದೆ, ಉಳಿದೆಡೆ ಅರಣ್ಯ ಇಲಾಖೆಯವರನ್ನು ಕೇಳಬಹುದು. ಕಾನೂನು ಹೇಳುವುದೂ ಇದನ್ನೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಗಿಳಿ, ಪಿಕಳಾರ, ಗೊರವಂಕಗಳನ್ನು ಹಿಡಿದು ಸಾಕುವಂತಿಲ್ಲ. ವನ್ಯಜೀವಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು.

ಕೊನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಹೇಗಿದ್ದರೂ ಮರಿಗಳಲ್ಲಿ ಬಹುಪಾಲು ಸಾಯುವುದೇ ಪ್ರಕೃತಿಯ ನಿಯಮವಾದರೆ ಒಂದನ್ನು ಉಳಿಸಿ ಆಗುವುದೇನು? ಲೆಕ್ಕ ನಿಜ. ಒಂದು ಜೋಡಿ ಪಿಕಳಾರ ತನ್ನ ಆಯುಷ್ಯದಲ್ಲಿ ಎಷ್ಟು ಸಲ ಮರಿ ಮಾಡಿದರೂ, ಸಂಖ್ಯೆ ಏರದೆ ಇಳಿಯದೆ ಇರಬೇಕಾದರೆ ಅವುಗಳಲ್ಲಿ ಸರಾಸರಿ ಎರಡು ಮಾತ್ರ ಬೆಳೆದು ಮರಿ ಮಾಡುವಷ್ಟಾಗಬೇಕು. ಬಿದ್ದ ಮರಿಯೊಂದನ್ನು ಗೂಡಿಗೆ ಮರಳಿಸುವುದರಿಂದ ವಿಕಾಸದ ಹಾದಿ ಕೆಡುವುದಿಲ್ಲ, ಪಿಕಳಾರದ ಸಂಖ್ಯೆಯೂ ಹೆಚ್ಚುವುದಿಲ್ಲ. ಕಣ್ಣೆದುರಿನ ಒಂದು ಜೀವದ ನೋವು ತಪ್ಪುತ್ತದೆ, ಅಷ್ಟು ಕಾರಣ ಸಾಕು. ಸಂಖ್ಯೆಯ ಮಾತೇ ಬೇಕೆನ್ನುವವರಿಗೆ ಅದೇ ಲೆಕ್ಕ ಇನ್ನೊಂದು ದಾರಿ ತೋರಿಸುತ್ತದೆ. ಮರಿ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಅದೃಷ್ಟದ ಬಹುಭಾಗ ತೀರ್ಮಾನವಾಗಿರುತ್ತದೆ: ಅದು ಅಡಗಲು ಕೆಳಗೆ ದಟ್ಟ ಪೊದೆಯಿದೆಯೇ, ಅದರ ತಾಯಿಗೆ ಸಿಗುವಷ್ಟು ಕಂಬಳಿಹುಳು ಆ ತೋಟದಲ್ಲಿದೆಯೇ ಎಂಬುದರಿಂದ. ಮಾರ್ಚ್‌ನಿಂದ ಜೂನ್‌ವರೆಗೆ ಬೇಲಿ ಸವರುವುದನ್ನು ಮುಂದಕ್ಕೆ ಹಾಕಿದರೆ, ಕರಿಬೇವಿನ ಎಲೆ ತಿನ್ನುವ ಹುಳುವಿಗೆ ಔಷಧಿ ಹೊಡೆಯದಿದ್ದರೆ, ಒಣಗಿದ ಮರದ ಪೊಟರೆಯನ್ನು ಅಪಾಯವಿಲ್ಲದ ಕಡೆ ಹಾಗೇ ಬಿಟ್ಟರೆ, ದಾಸವಾಳದ ಬುಡಕ್ಕೆ ಇಳಿಯುವ ಮರಿಗೆ ನಮ್ಮ ರಟ್ಟಿನ ಡಬ್ಬಿ ಬೇಕಾಗುವುದಿಲ್ಲ.